ಮಾತ್ರೆ ಕೆಲಸ ಮಾಡಲಿಲ್ಲ ಅನ್ನುವ ಮುಂಚೆ

(ಹೋದ ತಿಂಗಳು ಮೈಸೂರಿನ ಕುವೆಂಪುನಗರದಲ್ಲಿ, ಬಡಾವಣೆಯ ಜನ ಸೇರಿ ನಡೆಸುವ ಭಾನುವಾರದ ಸಭೆಯಲ್ಲಿ ಗೀಳು ಕಾಯಿಲೆಯ ಬಗ್ಗೆ ಮಾತಾಡಿದ್ದೆ. ಅವತ್ತು ಬರಲಾಗದ ಕೆಲವರು ಕೇಳಿದರು ಅಂತ ಬರೆದಿಟ್ಟಿದ್ದೇನೆ. ಮಾತನ್ನು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹದಿನಾರು ವರ್ಷ ಒಸಿಡಿ, ಅಂದರೆ ಗೀಳು ಕಾಯಿಲೆ, ಇಟ್ಟುಕೊಂಡು ಬದುಕಿದೆ. ಅದರಲ್ಲಿ ಎಂಟು ವರ್ಷ ಡಾಕ್ಟರ್‌ಗಳನ್ನು ಬದಲಾಯಿಸುತ್ತಾ ಓಡಾಡಿದೆ. "ನನಗೆ ಯಾವ ಮಾತ್ರೆಯೂ ಹಿಡಿಯಲ್ಲ" ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ, ನನಗೂ ಹೇಳಿಕೊಂಡಿದ್ದೆ. ಅದು ಸುಳ್ಳು ಅಂತ ಗೊತ್ತಾಗಿದ್ದು ತುಂಬಾ ತಡವಾಗಿ. ಯಾಕೆ ಸುಳ್ಳು ಅನ್ನುವುದನ್ನೇ ಇವತ್ತು ಹೇಳುವುದಕ್ಕೆ ಬಂದಿದ್ದೇನೆ.

ಗೀಳು ಅಂದ ತಕ್ಷಣ ನಮ್ಮ ಕಡೆ ಜನಕ್ಕೆ ನೆನಪಾಗುವುದು ಕೈ ತೊಳೆಯುವವರು. "ಅವಳಿಗೆ ಮಡಿ ಹುಚ್ಚು" ಅನ್ನುತ್ತಾರೆ. ಆದರೆ ಮಡಿಗೂ ಗೀಳಿಗೂ ಬಹಳ ವ್ಯತ್ಯಾಸ ಇದೆ. ನಮ್ಮ ಪಕ್ಕದ ಮನೆಯ ಅಜ್ಜಿ ಬೆಳಗ್ಗೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಅಡುಗೆ ಮನೆಗೆ ಹೋದರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಆದರೆ ಸ್ನಾನ ಆಯಿತು ಅಂದರೆ ಆಯಿತು. ಮನಸ್ಸಿಗೆ ಸಮಾಧಾನ. ಮೈಲಿಗೆ ಆಯಿತು ಅಂದರೆ ಇನ್ನೊಂದು ಚೊಂಬು ನೀರು ಹುಯ್ದುಕೊಂಡರೆ ಸರಿಹೋಗುತ್ತೆ. ಅಲ್ಲಿ ಒಂದು ಕೊನೆ ಇದೆ. ಗೀಳಿನಲ್ಲಿ ಆ ಕೊನೆ ಇಲ್ಲ. ಹತ್ತು ಸಲ ತೊಳೆದರೂ "ಸರಿಯಾಗಿ ತೊಳೆದೆನಾ?" ಅನ್ನುವ ಅನುಮಾನ ಹನ್ನೊಂದನೇ ಸಲಕ್ಕೆ ಕಾಯುತ್ತಿರುತ್ತೆ. ತೊಳೆಯುವವರಿಗೆ ಅದರಲ್ಲಿ ಖುಷಿ ಏನೂ ಇಲ್ಲ, ಅಳುತ್ತಾ ತೊಳೆಯುತ್ತಾರೆ. ಹಿಂದೆ ಫ್ರಾನ್ಸಿನಲ್ಲಿ ಇದನ್ನು "ಅನುಮಾನದ ಹುಚ್ಚು" ಅಂತ ಕರೆಯುತ್ತಿದ್ದರಂತೆ. ಹುಚ್ಚು ಅನ್ನುವ ಮಾತು ನನಗೆ ಇಷ್ಟವಿಲ್ಲ, ಅನುಮಾನ ಅನ್ನುವುದು ಮಾತ್ರ ನೂರಕ್ಕೆ ನೂರು ನಿಜ.

ಕಾಯಿಲೆಯ ಒಳಗೆ ಎರಡು ಭಾಗ. ಮೊದಲನೆಯದು, ಬೇಡವೆಂದರೂ ನುಗ್ಗುವ ಆಲೋಚನೆ, ಚಿತ್ರ ಅಥವಾ ಒತ್ತಡ. ಎರಡನೆಯದು, ಆ ಸಂಕಟ ಕಡಿಮೆಯಾಗಲಿ ಅಂತ ನಾವು ಮಾಡುವ ಕೆಲಸ. ತೊಳೆಯುವುದು, ಬೀಗ ಎಳೆದು ನೋಡುವುದು, ಗ್ಯಾಸ್ ಆಫ್ ಆಗಿದೆಯಾ ಅಂತ ಮತ್ತೆ ಮತ್ತೆ ಹೋಗಿ ನೋಡುವುದು, ಎಣಿಸುವುದು, ಸಾಲಾಗಿ ಜೋಡಿಸುವುದು, "ನಾನು ಏನೂ ತಪ್ಪು ಮಾಡಿಲ್ಲ ತಾನೆ?" ಅಂತ ಮನೆಯವರನ್ನು ಕೇಳುತ್ತಲೇ ಇರುವುದು. ಮನಸ್ಸಿನೊಳಗೇ ನಡೆಯುವ ಕೆಲಸವೂ ಇದೆ, ಯಾರಿಗೂ ಕಾಣದ್ದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ, ನನ್ನನ್ನು ಜಾಸ್ತಿ ಕಾಡಿದ್ದು ಅದೇ.

ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಜೀವನದಲ್ಲಿ ಯಾವಾಗಲಾದರೂ ಇದು ಬರುತ್ತೆ ಅಂತ ಲೆಕ್ಕ. ಈ ಹಾಲ್‌ನಲ್ಲಿ ಎಂಬತ್ತು ಜನ ಇದ್ದೀರಿ ಅನ್ನಿಸುತ್ತೆ, ನೀವೇ ಯೋಚನೆ ಮಾಡಿ. ಹೆಚ್ಚಿನವರಿಗೆ ಶುರುವಾಗುವುದು ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ. ನನಗೆ ಹತ್ತೊಂಬತ್ತಕ್ಕೆ ಶುರುವಾಯಿತು, ಹಾಸ್ಟೆಲ್ ರೂಮಿನ ಬೀಗದಿಂದ. ಬೀಗ ಹಾಕಿ, ಮೆಟ್ಟಿಲು ಇಳಿದು, ವಾಪಸ್ ಹತ್ತಿ, ಎಳೆದು ನೋಡಿ, ಮತ್ತೆ ಇಳಿದು. ಗೆಳತಿಯರು ನಗುತ್ತಿದ್ದರು, ನಾನೂ ಅವರ ಜೊತೆ ನಗುತ್ತಿದ್ದೆ. ಓದಿನ ಟೆನ್ಶನ್, ಮದುವೆ ಆದರೆ ಸರಿಹೋಗುತ್ತೆ ಅಂದರು ಮನೆಯಲ್ಲಿ.

ಮದುವೆ ಆಯಿತು. ಗಂಡನ ಮನೆ ಮಂಡ್ಯದ ಹತ್ತಿರದ ಹಳ್ಳಿ. ಭತ್ತ, ಕಬ್ಬು ಬೆಳೆಯುವವರು. ಮನೆಯಿಂದ ಮಂಡ್ಯಕ್ಕೆ ಹೋಗುವ ದಾರಿಯಲ್ಲಿ ವಿ.ಸಿ. ನಾಲೆ ದಾಟಬೇಕು. ಮಗಳಿಗೆ ಐದು ತಿಂಗಳು. ಯಜಮಾನರು ಸ್ಕೂಟರ್ ಓಡಿಸುತ್ತಿದ್ದರು, ನಾನು ಹಿಂದೆ ಮಗುವನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಕಟ್ಟೆಯಿಂದ ನೀರು ಬಿಟ್ಟಿದ್ದರು, ನಾಲೆ ತುಂಬಿ ಹರಿಯುತ್ತಿತ್ತು. ಸೇತುವೆ ಮೇಲೆ ಬಂದಾಗ ಒಂದು ಆಲೋಚನೆ ಬಂತು. ಈ ಮಗುವನ್ನು ನೀರಿಗೆ ಎಸೆದುಬಿಟ್ಟರೆ?

ಇದನ್ನು ಇಷ್ಟು ಜನರ ಮುಂದೆ ಹೇಳುವುದಕ್ಕೆ ನನಗೆ ಈಗಲೂ ಗಂಟಲು ಕಟ್ಟುತ್ತೆ. ಆದರೂ ಹೇಳುತ್ತೇನೆ, ಯಾಕೆಂದರೆ ಈ ಆಲೋಚನೆಯನ್ನು ಎಂಟು ವರ್ಷ ಯಾವ ಡಾಕ್ಟರ್‌ಗೂ ಹೇಳಲಿಲ್ಲ. ನನ್ನ ಚಿಕಿತ್ಸೆ ಸೋಲುತ್ತಾ ಬಂದಿದ್ದಕ್ಕೆ ದೊಡ್ಡ ಕಾರಣ ಅದೇ.

ಅವತ್ತಿನಿಂದ ನಾಲೆ ದಾರಿ ಬಿಟ್ಟೆ. ಸುತ್ತಿ ಬಳಸಿ ಇನ್ನೊಂದು ದಾರಿಯಲ್ಲಿ ಹೋಗುವುದು. ಮಗುವಿಗೆ ಸ್ನಾನ ಮಾಡಿಸುವುದು ಅತ್ತೆ. ಮಹಡಿ ಮೇಲೆ ಮಗುವನ್ನು ಎತ್ತಿಕೊಂಡು ಹೋಗುತ್ತಿರಲಿಲ್ಲ. ಈಳಿಗೆ ಮಣೆ ನೋಡಿದರೆ ಕೈ ನಡುಗುತ್ತಿತ್ತು. ಆಮೇಲೆ ಗದ್ದೆಗೆ ಹೊಡೆಯುವ ಔಷಧಿಯ ಭಯ ಸೇರಿಕೊಂಡಿತು. ಅದು ಯಜಮಾನರ ಬಟ್ಟೆಯಿಂದ ನನ್ನ ಕೈಗೆ ಬಂದು, ನನ್ನ ಕೈಯಿಂದ ಮಗುವಿನ ಹಾಲಿಗೆ ಹೋಗಿ... ನಾನೇ ಮಗುವನ್ನು ಕೊಂದುಬಿಡುತ್ತೇನೆ ಅನ್ನುವ ಅದೇ ಭಯ, ಬೇರೆ ವೇಷದಲ್ಲಿ. ಕೈ ತೊಳೆಯುವುದು ಶುರುವಾಗಿದ್ದು ಹಾಗೆ. ಅತ್ತೆ ಒಂದು ದಿನ ನನ್ನ ಕೈ ಹಿಡಿದು ನೋಡಿ, "ಏನವ್ವ ಇದು, ಚರ್ಮವೇ ಕಿತ್ಕೊಂಡು ಬತ್ತಾ ಅದಲ್ಲ" ಅಂತ ಅತ್ತುಬಿಟ್ಟರು. ಅವರಿಗೆ ಕಂಡಿದ್ದು ಕೈ. ಡಾಕ್ಟರ್‌ಗಳಿಗೆ ಕಂಡಿದ್ದೂ ಕೈ.

ಈಗ ಒಂದು ವಿಷಯ ಕೇಳಿ. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವಾ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು, ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನು ಕೇಳಿದರು, ನಿಮಗೂ ಇಂಥ ಬೇಡದ ಆಲೋಚನೆ ಬರುತ್ತಾ ಅಂತ. ಹತ್ತರಲ್ಲಿ ಎಂಟು ಜನ ಹೌದು ಅಂದರು. ಎತ್ತರದಲ್ಲಿ ನಿಂತಾಗ ಜಿಗಿದುಬಿಟ್ಟರೆ, ಎದುರಿಗೆ ಬರುವವರನ್ನು ತಳ್ಳಿಬಿಟ್ಟರೆ, ದೇವರ ಮುಂದೆ ನಿಂತಾಗ ಕೆಟ್ಟ ಬೈಗುಳ ಬಂದುಬಿಟ್ಟರೆ, ಇಂಥವು. ಅವರಿಗೂ ಬಂತು, ನನಗೂ ಬಂತು. ಅವರು "ಥೂ, ಏನು ಯೋಚನೆ" ಅಂದು ಮುಂದೆ ಹೋದರು. ನಾನು ಅಲ್ಲೇ ನಿಂತೆ. ಈ ಆಲೋಚನೆ ಬಂತು ಅಂದರೆ ನಾನು ಎಂಥವಳಿರಬೇಕು ಅಂತ ಪರೀಕ್ಷೆ ಮಾಡಲು ಹೊರಟೆ. ಗೀಳು ಬೇರು ಬಿಡುವುದು ಆ ಪರೀಕ್ಷೆಯಲ್ಲಿ. ಅದೂ ಅಲ್ಲದೆ, ಗೀಳು ಕಚ್ಚುವುದು ನಮಗೆ ಯಾವುದು ಅತಿ ಮುಖ್ಯವೋ ಅಲ್ಲಿಗೇ. ದೇವರ ಮೇಲೆ ಭಕ್ತಿ ಇರುವವರಿಗೆ ದೇವರನ್ನು ಬೈಯುವ ಆಲೋಚನೆ, ಮಗು ಅಂದರೆ ಪ್ರಾಣ ಬಿಡುವ ತಾಯಿಗೆ ಮಗುವಿಗೆ ಕೆಡುಕು ಮಾಡುವ ಆಲೋಚನೆ. ಹೆರಿಗೆ ಆದ ಮೇಲೆ ಇಂಥ ಆಲೋಚನೆಗಳು ಬರುವುದು, ಇದ್ದ ಗೀಳು ಜಾಸ್ತಿಯಾಗುವುದು ಅಪರೂಪವೇನೂ ಅಲ್ಲ ಅಂತ ನನಗೆ ಆಗ ಯಾರಾದರೂ ಹೇಳಿದ್ದರೆ!

ಇನ್ನು ನನ್ನ ಚಿಕಿತ್ಸೆಯ ಕಥೆ. ನಿಮಿಷಾಂಬೆಗೆ ಹರಕೆ ಹೊತ್ತೆವು, ತಡೆ ಹೊಡೆಸಿದೆವು. ಅದನ್ನು ನಾನು ತಪ್ಪು ಅನ್ನುವುದಿಲ್ಲ, ಮನೆಯವರು ಪ್ರೀತಿಯಿಂದ ಮಾಡಿದ್ದು. ಮೊದಲನೇ ಡಾಕ್ಟರ್ ಫ್ಲುಯೋಕ್ಸೆಟಿನ್ 20 ಮಿಲಿಗ್ರಾಂ ಕೊಟ್ಟರು. ಹೊಟ್ಟೆ ತೊಳಸಿತು, ಮೂರನೇ ವಾರ ಬಿಟ್ಟೆ. ಎರಡನೇ ಡಾಕ್ಟರ್ ಸರ್ಟ್ರಾಲಿನ್ 50 ಕೊಟ್ಟರು. ಎರಡು ತಿಂಗಳು ತೆಗೆದುಕೊಂಡೆ, ಅಷ್ಟಕ್ಕಷ್ಟೆ. ಡೋಸ್ ಏರಿಸಲೂ ಇಲ್ಲ, ನಾನು ಮತ್ತೆ ಹೋಗಲೂ ಇಲ್ಲ. ಮೂರನೆಯವರು ನಿದ್ರೆ ಬರಲಿ ಅಂತ ಒಂದು ಮಾತ್ರೆ ಕೊಟ್ಟರು, ಎರಡು ವರ್ಷ ಅದನ್ನೇ ನುಂಗಿದೆ. ಅದು ಆತಂಕಕ್ಕೆ ಕೊಡುವ ಮಾತ್ರೆ, ಅಭ್ಯಾಸ ಬೇರೆ ಆಗುತ್ತೆ, ಗೀಳಿನ ಬುಡಕ್ಕೆ ಅದು ಏನೂ ಮಾಡುವುದಿಲ್ಲ. ನಾಲ್ಕನೆಯ ಕಡೆ ಕೌನ್ಸೆಲಿಂಗ್. ಕೈಗೆ ರಬ್ಬರ್ ಬ್ಯಾಂಡ್ ಹಾಕಿ, ಕೆಟ್ಟ ಆಲೋಚನೆ ಬಂದಾಗಲೆಲ್ಲ ಎಳೆದು ಬಿಟ್ಟು "ಸಾಕು" ಅನ್ನಿ ಅಂದರು. ಕೈ ಕೆಂಪಾಯಿತು. ಆಲೋಚನೆ ಜಾಸ್ತಿಯಾಯಿತು. ಆಗದೇ ಏನು, "ಕೋತಿಯನ್ನು ನೆನೆಸಿಕೊಳ್ಳಬೇಡ" ಅಂದರೆ ಕೋತಿಯೇ ತಾನೆ ಬರುವುದು.

ಇಷ್ಟು ಆದ ಮೇಲೆ ನಾನು ಹೇಳಿದ್ದು: ಎಲ್ಲಾ ಮಾಡಿ ನೋಡಿದೆ, ಏನೂ ಕೆಲಸ ಮಾಡಲಿಲ್ಲ.

ಐದನೆಯವರು ಮೈಸೂರಿನಲ್ಲಿ. ಹಳೇ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಕೇಳಿದರು. ಎಷ್ಟು ಮಿಲಿಗ್ರಾಂ? ಎಷ್ಟು ವಾರ? ಆಮೇಲೆ ಪೆನ್ ಕೆಳಗಿಟ್ಟು, "ಕೈ ತೊಳೆಯುವುದು ಸರಿ. ಇದಲ್ಲದೆ, ಹೇಳಿಕೊಳ್ಳುವುದಕ್ಕೆ ನಾಚಿಕೆ ಆಗುವಂಥ ಆಲೋಚನೆ ಏನಾದರೂ ಬರುತ್ತಾ? ಹೆರಿಗೆ ಆದ ತುಂಬಾ ಜನ ತಾಯಂದಿರಿಗೆ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅಂತ ಬರುತ್ತೆ" ಅಂದರು. ನಾನು ಅರ್ಧ ಗಂಟೆ ಅತ್ತೆ. ಅವರು ಪೊಲೀಸರನ್ನು ಕರೆಯಲಿಲ್ಲ. ಮಗುವನ್ನು ನನ್ನಿಂದ ದೂರ ಇಡಿ ಅನ್ನಲಿಲ್ಲ. "ಇದು ಗೀಳು, ಇದಕ್ಕೆ ದಾರಿ ಇದೆ" ಅಂದರು.

ಅವರ ಹತ್ತಿರ ಒಂದು ಅಳತೆ ಇತ್ತು. ಯೇಲ್-ಬ್ರೌನ್ ಮಾಪನ ಅಂತ, 1989ರಲ್ಲಿ ಪ್ರಕಟವಾಗಿದ್ದು, ಈಗ ಪ್ರಪಂಚದಲ್ಲೆಲ್ಲ ಬಳಸುತ್ತಾರೆ. ಹತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 40. ನನ್ನದು 31, ಅಂದರೆ ತೀವ್ರ. ಗಣಿತದವಳಾದ್ದರಿಂದಲೋ ಏನೋ, ನನ್ನ ಕಷ್ಟಕ್ಕೆ ಒಂದು ಸಂಖ್ಯೆ ಇದೆ ಅಂದಾಗ ಒಂಥರಾ ಧೈರ್ಯ ಬಂತು. ಸಂಖ್ಯೆ ಇದ್ದರೆ ಇಳಿಸಬಹುದು ಅಲ್ವಾ.

ಈಗ ಮಾತ್ರೆ ವಿಷಯ. ಗೀಳಿಗೆ ಮೊದಲು ಕೊಡುವುದು ಎಸ್‌ಎಸ್‌ಆರ್‌ಐ ಅನ್ನುವ ಗುಂಪಿನ ಔಷಧಿ. ಫ್ಲುಯೋಕ್ಸೆಟಿನ್, ಸರ್ಟ್ರಾಲಿನ್, ಫ್ಲುವೋಕ್ಸಮಿನ್, ಎಸ್ಸಿಟಲೋಪ್ರಾಂ, ಪ್ಯಾರಾಕ್ಸೆಟಿನ್. ಇವೇ ಮಾತ್ರೆಗಳನ್ನು ಖಿನ್ನತೆಗೂ ಕೊಡುತ್ತಾರೆ. ಆದರೆ ಗೀಳಿಗೆ ಸಾಮಾನ್ಯವಾಗಿ ಜಾಸ್ತಿ ಡೋಸ್ ಬೇಕು. ಫ್ಲುಯೋಕ್ಸೆಟಿನ್ 60ರಿಂದ 80 ಮಿಲಿಗ್ರಾಂವರೆಗೆ, ಸರ್ಟ್ರಾಲಿನ್ 200ರವರೆಗೆ ಏರಿಸುವುದುಂಟು. ಸಮಯವೂ ಜಾಸ್ತಿ ಬೇಕು. ಎಂಟರಿಂದ ಹನ್ನೆರಡು ವಾರ ಕಾಯದೆ ಹಿಡಿಯಿತು, ಹಿಡಿಯಲಿಲ್ಲ ಅಂತ ತೀರ್ಪು ಕೊಡುವ ಹಾಗಿಲ್ಲ. ಹೊಟ್ಟೆ ತೊಳಸುವುದು ಸಾಮಾನ್ಯವಾಗಿ ಮೊದಲ ಒಂದೆರಡು ವಾರ, ಆಮೇಲೆ ತಗ್ಗುತ್ತೆ. ಲೆಕ್ಕ ಹಾಕಿ ನೋಡಿ. ನನ್ನ 20 ಮಿಲಿಗ್ರಾಂ ಮೂರು ವಾರ, 50 ಮಿಲಿಗ್ರಾಂ ಎರಡು ತಿಂಗಳು. ನಾನು ಪರೀಕ್ಷೆಯನ್ನೇ ಪೂರ್ತಿ ಬರೆದಿರಲಿಲ್ಲ, ಫೇಲ್ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ದಯವಿಟ್ಟು ಯಾರೂ ಇದನ್ನು ಕೇಳಿ ಮನೆಗೆ ಹೋಗಿ ನೀವೇ ಡೋಸ್ ಏರಿಸಿಕೊಳ್ಳಬೇಡಿ. ಡಾಕ್ಟರ್ ಹಂತ ಹಂತವಾಗಿ ಏರಿಸಬೇಕು, ಬೇರೆ ಕಾಯಿಲೆ ಇದೆಯಾ ನೋಡಬೇಕು.

ಆ ಐದನೆಯ ಡಾಕ್ಟರ್ ಸರಿಯಾದ ಡೋಸ್‌ನಲ್ಲಿ ಕೊಟ್ಟ ಮಾತ್ರೆಯನ್ನು ಹನ್ನೆರಡು ವಾರ ತೆಗೆದುಕೊಂಡ ಮೇಲೆ ನನ್ನ ಅಂಕ 31ರಿಂದ 24ಕ್ಕೆ ಬಂತು. ಸ್ವಲ್ಪ ಗುಣ, ಪೂರ್ತಿ ಅಲ್ಲ. ಮಾತ್ರೆಯಿಂದ ಒಳ್ಳೆ ಫಲ ಸಿಕ್ಕಿತು ಅನ್ನಲು ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಇಳಿಯಬೇಕು ಅಂತ ಒಂದು ಅಂದಾಜು. ಮೊದಲನೇ ಮಾತ್ರೆಗೆ ಹಾಗೆ ಇಳಿಯುವುದು ಸುಮಾರು ಅರ್ಧ ಜನಕ್ಕೆ. ಉಳಿದ ಅರ್ಧ ಜನಕ್ಕೆ ಮುಂದೆ ಏನು?

ನನಗೆ ಮುಂದೆ ಸಿಕ್ಕಿದ್ದು ಇಆರ್‌ಪಿ. ಹೆದರಿಕೆಯನ್ನು ಎದುರಿಸುವುದು, ಎದುರಿಸಿದಾಗ ಗೀಳು ಕೇಳುವ ಕೆಲಸವನ್ನು ಮಾಡದೇ ತಡೆಯುವುದು, ಇಷ್ಟೇ ಅದರ ಅರ್ಥ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಅನ್ನುವವರು ಇಬ್ಬರು ರೋಗಿಗಳಿಗೆ ಹೀಗೆ ಮಾಡಿ, ಅದನ್ನು ಬರೆದು ಪ್ರಕಟಿಸಿದರು. ಅಲ್ಲಿಯವರೆಗೆ ಗೀಳಿಗೆ ಮದ್ದೇ ಇಲ್ಲ ಅನ್ನುವ ಹಾಗಿತ್ತು. 2013ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಾತ್ರೆ ತೆಗೆದುಕೊಂಡೂ ಗೀಳು ಉಳಿದಿದ್ದ ನೂರು ಜನ. ಕೆಲವರಿಗೆ ಮಾತ್ರೆ ಜೊತೆ ಇಆರ್‌ಪಿ, ಕೆಲವರಿಗೆ ರಿಸ್ಪೆರಿಡೋನ್ ಅನ್ನುವ ಇನ್ನೊಂದು ಔಷಧಿ, ಕೆಲವರಿಗೆ ಔಷಧಿ ಇಲ್ಲದ ಸುಮ್ನೆ ಮಾತ್ರೆ. ಇಆರ್‌ಪಿ ಮಾಡಿದವರಲ್ಲಿ ನೂರಕ್ಕೆ 80 ಜನಕ್ಕೆ ಗುಣ ಕಂಡಿತು. ರಿಸ್ಪೆರಿಡೋನ್‌ನಲ್ಲಿ 23. ಸುಮ್ನೆ ಮಾತ್ರೆಯಲ್ಲಿ 15. ನಮ್ಮಲ್ಲಿ ಇಆರ್‌ಪಿ ಹೆಸರೇ ಕೇಳದೆ "ಎಲ್ಲಾ ಮಾಡಿ ಆಯಿತು" ಅನ್ನುವವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತೆ.

ಹೇಗೆ ಮಾಡಿಸಿದರು ಅಂತ ಹೇಳುತ್ತೇನೆ. ಮೊದಲು ನನ್ನ ಭಯಗಳನ್ನೆಲ್ಲ ಬರೆದು ಒಂದೊಂದಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಹಾಕಿಸಿದರು. ಗಂಡನ ಒಗೆದ ಅಂಗಿ ಮುಟ್ಟಿ ಹಾಲಿನ ಪಾತ್ರೆ ಮುಟ್ಟುವುದು 40. ಈಳಿಗೆ ಮಣೆ ಮುಂದೆ ಮಗಳನ್ನು ಪಕ್ಕ ಕೂರಿಸಿಕೊಂಡು ತರಕಾರಿ ಹೆಚ್ಚುವುದು 65. ನಾಲೆ ಸೇತುವೆ ಮೇಲೆ ಮಗಳ ಕೈ ಹಿಡಿದು ನಿಲ್ಲುವುದು 100. ಕೆಳಗಿನ ಮೆಟ್ಟಿಲಿಂದ ಶುರು. ಒಂದು ಮಾತು ನೆನಪಿಡಿ, ನಿಜವಾಗಿ ಅಪಾಯ ಇರುವ ಕೆಲಸವನ್ನು ಯಾರೂ ಮಾಡಿಸುವುದಿಲ್ಲ. ಊರಿನ ಜನ ದಿನಾ ಮಾಡುವ ಕೆಲಸವನ್ನೇ ಮಾಡಿಸುತ್ತಾರೆ. ಆ ಸೇತುವೆ ಮೇಲೆ ನಮ್ಮೂರಿನ ಎಲ್ಲ ತಾಯಂದಿರೂ ಮಕ್ಕಳನ್ನು ಕರೆದುಕೊಂಡು ಓಡಾಡುತ್ತಾರೆ.

ಮೊದಲ ನಾಲ್ಕೈದು ವಾರ ಏನೂ ಪ್ರಯೋಜನ ಆಗಲಿಲ್ಲ. ಥೆರಪಿ ಮಾಡುವ ಮೇಡಂ ತಲೆ ಕೆಡಿಸಿಕೊಂಡರು. ಒಂದು ದಿನ, "ಅಂಗಿ ಮುಟ್ಟಿದ ಮೇಲೆ ಮನಸ್ಸಿನಲ್ಲಿ ಏನು ಮಾಡುತ್ತೀರಿ?" ಅಂತ ಕೇಳಿದರು. ಏನಿಲ್ಲ, ಮಗು ಚೆನ್ನಾಗಿರಲಿ ಅಂತ ದೇವರ ಹೆಸರು 21 ಸಲ ಹೇಳಿಕೊಳ್ಳುತ್ತೇನೆ ಅಂದೆ. ಅವರು ನಕ್ಕು, "ಸಿಕ್ಕಿತು" ಅಂದರು. ಆಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ, ಯಾರಿಗೂ ಕಾಣದ ಕೆಲಸ, ಅದೇ ಇದು. ಕೈ ತೊಳೆಯುವುದನ್ನು ನಿಲ್ಲಿಸಿ, ಮನಸ್ಸನ್ನು ತೊಳೆಯುತ್ತಾ ಕೂತಿದ್ದೆ. ನಾನು ಇವತ್ತಿಗೂ ದೇವರಿಗೆ ದೀಪ ಹಚ್ಚುತ್ತೇನೆ, ಪ್ರಾರ್ಥನೆ ಬಿಟ್ಟಿಲ್ಲ. ಆದರೆ ಭಯಕ್ಕೆ ಬೇಲಿ ಹಾಕುವ ಆ 21 ಬಿಟ್ಟೆ. ಅಲ್ಲಿಂದ ಬದಲಾವಣೆ ಶುರುವಾಯಿತು.

ನಾಲೆಗೆ ಹೋದ ದಿನ ಮಗಳಿಗೆ ಎಂಟು ವರ್ಷ. ಅವಳಿಗೆ ಅಮ್ಮನ ಜೊತೆ ನಾಲೆ ನೋಡಲು ಬಂದ ಖುಷಿ ಅಷ್ಟೆ. ಮೇಡಂ ದೂರದಲ್ಲಿ ನಿಂತಿದ್ದರು. ನೀರು ಅವತ್ತೂ ತುಂಬಿತ್ತು. ಮಗಳ ಕೈ ಹಿಡಿದು ನಿಂತೆ. ಆಲೋಚನೆ ಬಂತು, ಬರಲಿ ಅಂತಲೇ ನಿಂತಿದ್ದೆ. ಎಣಿಸಲಿಲ್ಲ, ಜಪಿಸಲಿಲ್ಲ, "ನಾನು ಹಾಗೆ ಮಾಡಲ್ಲ" ಅಂತ ಹೇಳಿಕೊಳ್ಳಲೂ ಇಲ್ಲ. ಎದೆ ಬಾಯಿಗೆ ಬಂದಿತ್ತು, ಬೆವರಿಗೆ ಅವಳ ಕೈ ಜಾರುತ್ತಿತ್ತು. ನಲವತ್ತು ನಿಮಿಷ. ಭಯ ಪೂರ್ತಿ ಇಳಿಯಲಿಲ್ಲ, 95 ಇದ್ದದ್ದು 60ಕ್ಕೆ ಬಂದಿರಬಹುದು. ಭಯ ಇಳಿಯಲೇಬೇಕು ಅಂತಿಲ್ಲ, ಭಯ ಇದ್ದೂ ನಿಲ್ಲಬಹುದು ಅಂತ ಗೊತ್ತಾದರೆ ಸಾಕು ಅಂತ ಮೇಡಂ ಮೊದಲೇ ಹೇಳಿದ್ದರು. ಮಗಳು ಮಧ್ಯೆ "ಅಮ್ಮ, ನೀರು ಎಲ್ಲಿಗೆ ಹೋಗುತ್ತೆ?" ಅಂದಳು. ಗದ್ದೆಗೆ ಅಂದೆ.

ಆ ಸೇತುವೆ ಮೇಲೆ ನನಗೆ ಅರ್ಥ ಆದದ್ದು ಗಣಿತದ ಮಾತೇ. ಗೀಳಿಗೆ ಬೇಕಿರುವುದು ಸೊನ್ನೆ. ಅಪಾಯ ಸೊನ್ನೆ, ಅನುಮಾನ ಸೊನ್ನೆ. ಬದುಕಿನಲ್ಲಿ ಸೊನ್ನೆ ಯಾರಿಗೂ ಸಿಗುವುದಿಲ್ಲ. ನೀವೆಲ್ಲ ಮನೆಗೆ ಬೀಗ ಹಾಕಿ ಬಂದಿದ್ದೀರಿ. ಖಂಡಿತ ಹಾಕಿದ್ದೀರಾ? ಈಗ ಒಂದಿಬ್ಬರು ಜೇಬು ಮುಟ್ಟಿ ನೋಡಿಕೊಂಡಿರಿ. ಅಷ್ಟು ಅನುಮಾನ ಇಟ್ಟುಕೊಂಡೇ ನೀವು ಆರಾಮಾಗಿ ಕೂತಿದ್ದೀರಿ. ಅದನ್ನು ನಾನು ಹದಿನಾರು ಸೆಷನ್‌ಗಳಲ್ಲಿ ಕಲಿಯಬೇಕಾಯಿತು. ಕಲಿತ ಮೇಲೆ ಅಂಕ 13. ಇದು ಬರೀ ಮಾತಿನ ಸಮಾಧಾನ ಅಂದುಕೊಳ್ಳಬೇಡಿ. ಗೀಳಿನಲ್ಲಿ ಮಿದುಳಿನ ಮುಂಭಾಗ ಮತ್ತು ಒಳಗಿನ ಕೆಲವು ಭಾಗಗಳ ನಡುವಿನ ಸುತ್ತು ದಾರಿ ಅತಿಯಾಗಿ ಕೆಲಸ ಮಾಡುತ್ತಿರುತ್ತೆ. ಆ ಸುತ್ತಿನಲ್ಲಿ ಕಾಡೇಟ್ ಅನ್ನುವ ಒಂದು ಭಾಗ ಇದೆ. 1992ರಲ್ಲಿ ಬ್ಯಾಕ್ಸ್‌ಟರ್ ಮತ್ತು ಅವರ ಜೊತೆಯವರು ಸ್ಕ್ಯಾನ್ ಮಾಡಿ ನೋಡಿದಾಗ, ಮಾತ್ರೆಯಿಂದ ಗುಣವಾದವರಲ್ಲೂ ಥೆರಪಿಯಿಂದ ಗುಣವಾದವರಲ್ಲೂ ಅಲ್ಲಿನ ಚಟುವಟಿಕೆ ಇಳಿದಿತ್ತು.

ಮನೆಯವರಿಗೆ ಒಂದು ಮಾತು. ಯಜಮಾನರು ದಿನಕ್ಕೆ ಇಪ್ಪತ್ತು ಸಲ "ಏನೂ ಆಗಿಲ್ಲ, ಮಗು ಚೆನ್ನಾಗಿದೆ" ಅಂತ ಹೇಳುತ್ತಿದ್ದರು. ಅತ್ತೆ ಡಜನ್‌ಗಟ್ಟಲೆ ಸೋಪು ತಂದಿಡುತ್ತಿದ್ದರು. ಪ್ರೀತಿಯಿಂದಲೇ. ಆದರೆ ಆ ಉತ್ತರ, ಆ ಸೋಪು ಗೀಳಿಗೆ ಹಾಕಿದ ಅನ್ನ. ಹಾಗಂತ ನಾಳೆಯಿಂದ ಏಕಾಏಕಿ ನಿಲ್ಲಿಸಿ ಬೈದರೆ ಮನೆ ರಣರಂಗ ಆಗುತ್ತೆ. ನಾವು ಕೂತು ಒಪ್ಪಂದ ಮಾಡಿಕೊಂಡೆವು. ನಾನು ಕೇಳಿದಾಗ ಅವರು, "ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು, ಜೊತೆಗೆ ಕೂತಿರ್ತೀನಿ, ಈ ಪ್ರಶ್ನೆಗೆ ಮಾತ್ರ ಉತ್ತರ ಕೊಡಲ್ಲ" ಅನ್ನಬೇಕು. ಮೊದಲ ವಾರ ನಾನು ತಟ್ಟೆ ಎಸೆದೆ. ಅವರು ಮಾತು ಬಿಟ್ಟುಕೊಡಲಿಲ್ಲ. ಆ ಋಣ ದೊಡ್ಡದು.

ಸರಿ, ಮಾತ್ರೆಯೂ ಸರಿಯಾದ ಡೋಸ್‌ನಲ್ಲಿ ಸರಿಯಾದಷ್ಟು ದಿನ ಆಯಿತು, ಇಆರ್‌ಪಿಯೂ ನಿಜವಾಗಿ ಆಯಿತು, ಆದರೂ ಬಗ್ಗಲಿಲ್ಲ ಅನ್ನಿ. ಅಂಥವರೂ ಇದ್ದಾರೆ, ಅವರ ತಪ್ಪೇನೂ ಇಲ್ಲ. ಆಗ ಡಾಕ್ಟರ್ ಮೊದಲು ನೋಡುವುದು ಬೇರೆ ಏನಾದರೂ ಜೊತೆಗಿದೆಯಾ ಅಂತ. ಖಿನ್ನತೆ, ಬೈಪೋಲಾರ್, ಮೈ ಅದುರುವ ಟಿಕ್ಸ್, ಆಟಿಸಂ. ಆಮೇಲೆ ಅದೇ ಗುಂಪಿನ ಇನ್ನೊಂದು ಮಾತ್ರೆಗೆ ಬದಲಾಯಿಸಿ ನೋಡುತ್ತಾರೆ. ಒಂದು ಹಿಡಿಯದವರಿಗೆ ಇನ್ನೊಂದು ಹಿಡಿಯುವುದುಂಟು. ಮುಂದೆ ಕ್ಲೊಮಿಪ್ರಮಿನ್. ಹಳೇ ಔಷಧಿ, 1960ರ ದಶಕದ ಕೊನೆಯಿಂದಲೇ ಗೀಳಿಗೆ ಕೊಟ್ಟು ನೋಡಿದ್ದರು, ಅಮೆರಿಕದಲ್ಲಿ ಗೀಳಿಗೆ ಅಂತ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಬಾಯಿ ಒಣಗುತ್ತೆ, ಮಲಬದ್ಧತೆ ಆಗುತ್ತೆ, ಹೃದಯದ ಮೇಲೆ ಕಣ್ಣಿಡಲು ಇಸಿಜಿ ತೆಗೆಸುತ್ತಾರೆ. ಇನ್ನೊಂದು ದಾರಿ, ಈಗಿರುವ ಮಾತ್ರೆ ಜೊತೆ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಸ್ವಲ್ಪ ಪ್ರಮಾಣದಲ್ಲಿ ಸೇರಿಸುವುದು. ಮೂವರಲ್ಲಿ ಒಬ್ಬರಿಗೆ ಸಹಾಯ ಆಗುತ್ತೆ ಅನ್ನುತ್ತಾರೆ. ತೂಕ, ಸಕ್ಕರೆ ನೋಡಿಕೊಳ್ಳಬೇಕು. ಎರಡು ತಿಂಗಳಾದರೂ ಪ್ರಯೋಜನ ಕಾಣದಿದ್ದರೆ ಸುಮ್ನೆ ಮುಂದುವರಿಸುವುದರಲ್ಲಿ ಅರ್ಥ ಇಲ್ಲ, ಡಾಕ್ಟರ್ ಹತ್ತಿರ ಕೇಳಿ. ಮೆಮಾಂಟಿನ್, ಒಂಡನ್‌ಸೆಟ್ರಾನ್ ಥರದವನ್ನೂ ಕೆಲವರಿಗೆ ಸೇರಿಸಿ ನೋಡುತ್ತಾರೆ, ಅವುಗಳ ಆಧಾರ ಇನ್ನೂ ಅಷ್ಟು ಗಟ್ಟಿ ಇಲ್ಲ.

ವಾರಕ್ಕೊಂದು ಸೆಷನ್ ಸಾಲದವರನ್ನು ಆಸ್ಪತ್ರೆಗೆ ಸೇರಿಸಿಕೊಂಡು ದಿನಾ ಇಆರ್‌ಪಿ ಮಾಡಿಸುವುದೂ ಇದೆ. ನಮ್ಮ ಪುಣ್ಯ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆ ಅಂತಲೇ ಪ್ರತ್ಯೇಕ ಕ್ಲಿನಿಕ್ ಇದೆ. ಭಾರತದ ಮನೋವೈದ್ಯರ ಸಂಘ 2017ರಲ್ಲಿ ಹೊರತಂದ ಗೀಳು ಚಿಕಿತ್ಸೆಯ ಮಾರ್ಗಸೂಚಿಯನ್ನು ಬರೆದವರಲ್ಲಿ ಅಲ್ಲಿನ ವೈದ್ಯರಿದ್ದಾರೆ. ಮೈಸೂರಿನಿಂದ ಬೆಳಗಿನ ರೈಲಿಗೆ ಹೋದರೆ ಸಂಜೆಗೆ ವಾಪಸ್ ಬರಬಹುದು.

ಆಮೇಲೆ ಟಿಎಂಎಸ್. ತಲೆಯ ಮೇಲೆ ತಂತಿಯ ಸುರುಳಿ (ಕಾಯಿಲ್) ಇಟ್ಟು ಅಯಸ್ಕಾಂತದ ಅಲೆಗಳಿಂದ ಮಿದುಳಿನಲ್ಲಿ ಗೀಳಿಗೆ ಸಂಬಂಧಪಟ್ಟ ಭಾಗವನ್ನು ಚುರುಕು ಅಥವಾ ಮಂದ ಮಾಡುವುದು. ಶಾಕ್ ಅಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ, ಎಚ್ಚರವಾಗಿ ಕುರ್ಚಿಯಲ್ಲೇ ಕೂತಿರುತ್ತೀರಿ. ಇದರಲ್ಲೇ ಆಳಕ್ಕೆ ಹೋಗುವ ಒಂದು ಬಗೆಗೆ ಅಮೆರಿಕದಲ್ಲಿ 2018ರಲ್ಲಿ ಗೀಳಿಗೆ ಅಂತ ಒಪ್ಪಿಗೆ ಸಿಕ್ಕಿತು. ಅದರ ಅಧ್ಯಯನದಲ್ಲಿ ನಿಜವಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 38 ಜನಕ್ಕೆ ಗುಣ ಕಂಡಿತು, ನಕಲಿ ಚಿಕಿತ್ಸೆಯಲ್ಲಿ 11. ದೊಡ್ಡ ಪವಾಡ ಅಲ್ಲ, ತೆಗೆದುಹಾಕುವಂಥದ್ದೂ ಅಲ್ಲ. ಖರ್ಚು ಇದೆ, ವಾರಗಟ್ಟಲೆ ದಿನಾ ಹೋಗಬೇಕು. ಹಣ ಕಟ್ಟುವ ಮುಂಚೆ "ನನಗೆ ಇಆರ್‌ಪಿ ಪೂರ್ತಿ ಆಗಿದೆಯಾ?" ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಕೊನೆಯ ಮೆಟ್ಟಿಲು ಶಸ್ತ್ರಚಿಕಿತ್ಸೆ. ಮಿದುಳಿನ ಆಳದಲ್ಲಿ ತೆಳುವಾದ ತಂತಿ ಇಟ್ಟು, ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್‌ನಂಥ ಸಾಧನ ಇಟ್ಟು ಸಣ್ಣ ವಿದ್ಯುತ್ ಕೊಡುವುದು ಒಂದು ಬಗೆ, ಅದನ್ನು ಡಿಬಿಎಸ್ ಅನ್ನುತ್ತಾರೆ. ಗೀಳಿಗೆ ಇದನ್ನು ಮಾಡಿದ ಮೊದಲ ವರದಿ 1999ರಲ್ಲಿ ಬೆಲ್ಜಿಯಂನಿಂದ ಬಂತು. ಆಯ್ದ ಚಿಕ್ಕ ಜಾಗವನ್ನು ನಿಷ್ಕ್ರಿಯ ಮಾಡುವುದು ಇನ್ನೊಂದು, ಅದರಲ್ಲಿ ಗಾಮಾ ಕಿರಣದಿಂದ ತಲೆ ತೆರೆಯದೆ ಮಾಡುವುದೂ ಇದೆ. ವರ್ಷಗಟ್ಟಲೆ ಎಲ್ಲವೂ ಸೋತ, ಅತಿ ತೀವ್ರವಾಗಿ ನರಳುತ್ತಿರುವ ಕೆಲವೇ ಕೆಲವರಿಗೆ ಮಾತ್ರ ಇದು. ಅಂಥವರಲ್ಲೂ ಸುಮಾರು ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನಕ್ಕೆ ಡಿಬಿಎಸ್‌ನಿಂದ ಪ್ರಯೋಜನ ಆಗಿದೆ. ಯಾರೂ ಬಲವಂತವಾಗಿ ಮಾಡುವಂತಿಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಗೆ ಇಂಥ ಶಸ್ತ್ರಚಿಕಿತ್ಸೆ ಮಾಡಲು ರೋಗಿಯ ಒಪ್ಪಿಗೆ ಬೇಕು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು.

ನನ್ನ ಮಾತು ಇಷ್ಟು. ಆಮೇಲೆ ಜನ ಕೇಳಿದ್ದರಲ್ಲಿ ಕೆಲವು.

ಕಾಲೇಜಿನ ಹುಡುಗಿಯೊಬ್ಬಳು ಚೀಟಿಯಲ್ಲಿ ಬರೆದು ಕಳಿಸಿದ್ದಳು: "ಮೇಡಂ, ಆಲೋಚನೆ ಬಂತು ಅಂದರೆ ಮನಸ್ಸಿನ ಮೂಲೆಯಲ್ಲಿ ನನಗೆ ಅದು ಬೇಕು ಅಂತಲಾ?" ಇಲ್ಲಮ್ಮ. ಬೇಕು ಅನ್ನಿಸುವವರು ಅದಕ್ಕೆ ಅಳುವುದಿಲ್ಲ. ನಾನು ಇದನ್ನು ಒಂದು ಸಲ ಹೇಳುತ್ತೇನೆ, ಎರಡನೇ ಸಲ ಕೇಳಿದರೆ ಹೇಳುವುದಿಲ್ಲ. ಯಾಕೆ ಅಂತ ನಿನಗೆ ಈಗ ಗೊತ್ತು. ಆ ಚೀಟಿಯನ್ನು ಹಾಗೇ ತೆಗೆದುಕೊಂಡು ಹೋಗಿ ಡಾಕ್ಟರ್ ಕೈಗೆ ಕೊಡು, ಬಾಯಲ್ಲಿ ಹೇಳಬೇಕಾಗಿಲ್ಲ.

ಮಾತ್ರೆ ಎಷ್ಟು ವರ್ಷ ಅಂತ ಒಬ್ಬರು ಕೇಳಿದರು. ಗುಣವಾದ ಮೇಲೂ ಕಡಿಮೆ ಅಂದರೆ ಒಂದೆರಡು ವರ್ಷ ಮುಂದುವರಿಸಿ, ಆಮೇಲೆ ಬಹಳ ನಿಧಾನವಾಗಿ ಇಳಿಸಿ ನೋಡುತ್ತಾರೆ. ಬಿಟ್ಟಾಗ ಮರಳಿ ಬರುವುದು ಸಾಮಾನ್ಯ. ನಾನು ಈಗಲೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಬಸುರಿ ಆದವರು ಹೆದರಿ ಒಮ್ಮೆಲೇ ನಿಲ್ಲಿಸಬೇಡಿ, ಮೊದಲು ಡಾಕ್ಟರನ್ನು ಕೇಳಿ.

"ಈಗ ಆ ಆಲೋಚನೆ ಬರುವುದಿಲ್ಲವಾ?" ಬರುತ್ತೆ. ನಾಲೆ ತುಂಬಿದಾಗ ಬರುತ್ತೆ. ಬಂದು ಹೋಗುತ್ತೆ.

ರಾತ್ರಿ ಹೊತ್ತು ಬದುಕೇ ಬೇಡ ಅನ್ನಿಸಿದರೆ ಯಾರಿಗೆ ಹೇಳುವುದು ಅಂತ ಇನ್ನೊಬ್ಬರು ಕೇಳಿದರು. ಟೆಲಿ ಮಾನಸ್ 14416. 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಎಲ್ಲರೂ ಹೋದ ಮೇಲೆ ಶ್ರೀರಂಗಪಟ್ಟಣ ಕಡೆಯ ಹಿರಿಯರೊಬ್ಬರು ಪ್ಲಾಸ್ಟಿಕ್ ಕವರ್ ಹಿಡಿದು ನಿಂತಿದ್ದರು. ಮಗನಿಗೆ ಇಪ್ಪತ್ತಾರು ವರ್ಷ, ಸ್ನಾನದ ಮನೆಗೆ ಹೋದರೆ ಮೂರು ಗಂಟೆ ಬರುವುದಿಲ್ಲ. "ಆರು ವರ್ಷದಿಂದ ತೋರಿಸ್ತಾ ಇದೀವಿ ಕಣವ್ವ, ಎಲ್ಲಾ ಔಷಧೀನೂ ಆಯ್ತು, ಇನ್ನೇನು ಉಳಿದಿಲ್ಲ" ಅಂದರು. ಕವರ್ ತುಂಬಾ ಚೀಟಿಗಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೊಂದೇ ಬಿಡಿಸಿ, ಖಾಲಿ ಹಾಳೆಯಲ್ಲಿ ಬರೆದೆವು. ಮಾತ್ರೆ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ವಾರ. ಫ್ಲುಯೋಕ್ಸೆಟಿನ್ 20, ಐದು ವಾರ. ಎಸ್ಸಿಟಲೋಪ್ರಾಂ 10, ಎರಡು ತಿಂಗಳು. ಸರ್ಟ್ರಾಲಿನ್ 50, ಒಂದು ತಿಂಗಳು. ಆಮೇಲೆ ನಿದ್ರೆ ಮಾತ್ರೆ, ಆಮೇಲೆ ಮತ್ತೆ ಫ್ಲುಯೋಕ್ಸೆಟಿನ್ 20. ಇಆರ್‌ಪಿ ಅನ್ನುವ ಸಾಲಿನಲ್ಲಿ ಬರೆಯುವುದಕ್ಕೆ ಏನೂ ಇರಲಿಲ್ಲ. ಅವರು ಹಾಳೆಯನ್ನು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರ್ ಬರುತ್ತಾರಾ ವಿಚಾರಿಸಿ, ಇಲ್ಲದಿದ್ದರೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಈ ಹಾಳೆ ಹಿಡಿದು ಹೋಗಿ ಅಂದೆ. ಮಗ ಬರದಿದ್ದರೆ ಮೊದಲ ಸಲ ನೀವೊಬ್ಬರೇ ಹೋಗಿ ಮಾತಾಡಿ ಅಂದೆ. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಕವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಸ್ ಸ್ಟಾಪ್ ಕಡೆ ನಡೆದರು.